ಮಹಾನಸಕಾಸಮೀಮಾಂಸೆ: ಬದನವಾಳು ಸೀಮೆಯ ಕೆಮ್ಮುಗಳ ಶಾಸ್ತ್ರೀಯ ವರ್ಗೀಕರಣ

1. ಶಾಸ್ತ್ರಾವತರಣ

ಯಾವ ಶಾಸ್ತ್ರವೇ ಆಗಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಆರಂಭದಲ್ಲೇ ನಿವೇದಿಸತಕ್ಕದ್ದೆಂಬುದು ಶಿಷ್ಟರ ಸಂಪ್ರದಾಯ. ಪ್ರಕೃತ ಶಾಸ್ತ್ರಕ್ಕೆ ವಿಷಯ: ಕೆಮ್ಮು. ಪ್ರಯೋಜನ: ಕೆಮ್ಮಿಗೂ ಕೆಮ್ಮಿಗೂ ಇರುವ ತಾರತಮ್ಯದ ಅರಿವು. ಸಂಬಂಧ: ಧೂಮಕ್ಕೂ ಶ್ವಾಸಕೋಶಕ್ಕೂ ಇರುವ ಕಾರ್ಯಕಾರಣಭಾವ. ಅಧಿಕಾರಿ: ಒಳಮನೆಯಿಂದ ಕೆಮ್ಮು ಕೇಳಿಬಂದಾಗ ಪತ್ರಿಕೆಯಿಂದ ತಲೆಯೆತ್ತುವ ಸಾಮರ್ಥ್ಯವುಳ್ಳವನು. ಈ ನಾಲ್ಕನೆಯ ಅನುಬಂಧ ದುರ್ಲಭವಾದುದರಿಂದಲೇ ಶಾಸ್ತ್ರವು ಇದುವರೆಗೆ ಹುಟ್ಟಲಿಲ್ಲವೆಂದು ಊಹಿಸಬಹುದು.

ಶಾಸ್ತ್ರಕ್ಕೆ ಕ್ಷೇತ್ರ ನಂಜನಗೂಡು ತಾಲ್ಲೂಕಿನ ಬದನವಾಳು ಮತ್ತು ಅದರ ಆಸುಪಾಸು. ಆಯ್ಕೆಗೆ ಹೇತುಗಳು ಮೂರು. ಮೊದಲನೆಯದು, 1927ರಲ್ಲಿ ಗಾಂಧೀಜಿ ಬಂದುಹೋದ ಖಾದಿ ಕೇಂದ್ರ ಇಲ್ಲಿರುವುದರಿಂದ ಹತ್ತಿಯ ಪ್ರಸ್ತಾಪ ಅಪ್ರಸ್ತುತವೆನಿಸದು. ಎರಡನೆಯದು, ಇಲ್ಲಿ ಸೌದೆ ಒಲೆ ಇನ್ನೂ ಪೂರ್ತಿ ಆರಿಲ್ಲ. ಮೂರನೆಯದು, 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದು ಈ ಊರಿನಲ್ಲಿಯೇ. ಬದುಕು ಸುಸ್ಥಿರವಾಗಿರಲು ಉಸಿರು ಪೂರ್ವಾಪೇಕ್ಷಿತವೆಂಬುದರಲ್ಲಿ ಯಾವ ಪಕ್ಷಕ್ಕೂ ವಿವಾದವಿಲ್ಲ.

ಪೂರ್ವಸೂರಿಗಳಲ್ಲಿ ನೈಯಾಯಿಕರನ್ನು ಮೊದಲು ಸ್ಮರಿಸತಕ್ಕದ್ದು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆಯೆಂದು ಅವರು ಅನುಮಾನಿಸಿದರು; ಅದಕ್ಕೆ ದೃಷ್ಟಾಂತವಾಗಿ ಮಹಾನಸವನ್ನು, ಎಂದರೆ ಅಡುಗೆಮನೆಯನ್ನು ಕೊಟ್ಟರು. ಹೊಗೆ ಬೆಂಕಿಗಳ ಸಾಹಚರ್ಯ ಅಲ್ಲಿ ಎಲ್ಲರಿಗೂ ಪ್ರತ್ಯಕ್ಷವೆಂಬುದು ಅವರ ವಾದ. ಶತಶತಮಾನಗಳ ಕಾಲ ಗುರುಗಳು ಹೇಳಿ, ಶಿಷ್ಯರು ಒಪ್ಪಿದ ಆ ಅಡುಗೆಮನೆಯಲ್ಲಿ ಇದ್ದ ಪದಾರ್ಥಗಳು ಎರಡೇ, ಹೊಗೆ ಮತ್ತು ಬೆಂಕಿ. ಊದುಕೊಳವೆ ಹಿಡಿದು ಕುಕ್ಕರುಗಾಲಲ್ಲಿ ಕುಳಿತಿದ್ದ ಮೂರನೆಯ ಪದಾರ್ಥವು ದೃಷ್ಟಾಂತಕ್ಕೆ ಅನಾವಶ್ಯಕವಾಗಿತ್ತು. ಪ್ರಕೃತ ಶಾಸ್ತ್ರವು ಆ ಪದಾರ್ಥವನ್ನು ಪ್ರಮೇಯವಾಗಿ ಅಂಗೀಕರಿಸುತ್ತದೆ. ಇದರ ಮೂಲಸೂತ್ರ: ಎಲ್ಲಿ ಧೂಮವೋ ಅಲ್ಲಿ ವಹ್ನಿ, ಎಲ್ಲಿ ವಹ್ನಿಯೂ ಸೂರೂ ಉಂಟೋ, ಅಲ್ಲಿ ಕೆಮ್ಮು.

2. ಪೂರ್ವಮತಪರಾಮರ್ಶೆ

ಚರಕನ ಮತದಲ್ಲಿ ಕಾಸಗಳು, ಎಂದರೆ ಕೆಮ್ಮುಗಳು, ಐದು: ವಾತಜ, ಪಿತ್ತಜ, ಕಫಜ, ಕ್ಷತಜ, ಕ್ಷಯಜ. ಶ್ವಾಸಗಳೂ ಐದು: ಮಹಾ, ಊರ್ಧ್ವ, ಛಿನ್ನ, ತಮಕ, ಕ್ಷುದ್ರ. ನವೀನರು ಇವೆರಡರ ಬಹುಭಾಗವನ್ನು ಕೂಡಿಸಿ ಸಿಒಪಿಡಿ ಎಂಬ ನಾಲ್ಕಕ್ಷರಗಳಲ್ಲಿ ಅಡಕಗೊಳಿಸಿದ್ದಾರೆ. ಊರಿನ ವ್ಯವಹಾರದಲ್ಲಿ ಇದು ದಮ್ಮು, ಉಬ್ಬಸ, ಗೂರಲು ಎಂದು ತ್ರಿಧಾ ವಿಭಕ್ತವಾಗಿದೆ.

ಇದರೊಳಗಿನ ದೀರ್ಘಕಾಲೀನ ಬ್ರಾಂಕೈಟಿಸ್‌ಗೆ ನವೀನರು ಹೇಳುವ ಲಕ್ಷಣ ಇದು: ಬೇರೆ ಕಾರಣವಿಲ್ಲದೆ ಕಫಸಹಿತವಾದ ಕೆಮ್ಮು ವರ್ಷದಲ್ಲಿ ಕನಿಷ್ಠ 3 ತಿಂಗಳು, ಸತತ 2 ವರ್ಷ ಇರತಕ್ಕದ್ದು. ಇಲ್ಲಿ ಆಕ್ಷೇಪ: ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವವರುಂಟೇ ಹೊರತು ಕೆಮ್ಮಿನ ಲೆಕ್ಕ ಬರೆಯುವವರಿಲ್ಲ. ಸಮಾಧಾನ: ಹಬ್ಬಗಳಿಂದ ಗಣನೆ ಮಾಡತಕ್ಕದ್ದು. ದೀಪಾವಳಿಗೆ ಹಿಡಿದ ಕೆಮ್ಮು ಶಿವರಾತ್ರಿಗೂ ಬಿಡಲಿಲ್ಲವೆಂದು ರೋಗಿ ಹೇಳಿದರೆ, ಆಶ್ವಯುಜ ಬಹುಳ ಅಮಾವಾಸ್ಯೆಯಿಂದ ಮಾಘ ಬಹುಳ ಚತುರ್ದಶಿಯವರೆಗೆ ನಾಲ್ಕು ಚಾಂದ್ರಮಾಸಗಳಿಗೆ ಒಂದು ತಿಥಿ ಮಾತ್ರ ಕಡಿಮೆ; ಆ ವರ್ಷದ ಮಟ್ಟಿಗೆ ಲಕ್ಷಣ ಸಿದ್ಧಿಸಿತು. ದೀಪಾವಳಿಗೆ ಹಿಡಿದು ಸಂಕ್ರಾಂತಿಗೆ ಬಿಟ್ಟರೆ ಸಿದ್ಧಿಸದು. ಅಂಥವನು ಶಾಸ್ತ್ರೀಯವಾಗಿ ನಿರೋಗಿಯಾಗಿದ್ದುಕೊಂಡು ಕೆಮ್ಮುತ್ತಿರಬಹುದು.

3. ಪ್ರಯೋಜನಭೇದದಿಂದ ವರ್ಗೀಕರಣ

ಕೆಮ್ಮು ಸಪ್ರಯೋಜನ, ನಿಷ್ಪ್ರಯೋಜನ ಎಂದು ದ್ವಿವಿಧ. ಸಪ್ರಯೋಜನಕಾಸ ಪುನಃ ತ್ರಿವಿಧ.

(ಅ) ಸೂಚನಾಕಾಸ: ಹಿರಿಯ ಪುರುಷನು ಹೊಸ್ತಿಲು ದಾಟುವ ಮುನ್ನ, ಒಳಗಿನ ಸೊಸೆಯಂದಿರು ಸೆರಗು ಸರಿಮಾಡಿಕೊಳ್ಳಲು ಎಡೆಯಾಗುವಂತೆ ಹೊರಡಿಸುವ ಕೆಮ್ಮು. ಇದು ದ್ವಿಮಾತ್ರಕ, ನಿಷ್ಕಫ.

(ಆ) ಸ್ಮರಣಕಾಸ: ಸಾಲ ಕೊಟ್ಟವನು ಜಗಲಿಯ ಮೇಲೆ ಕುಳಿತು, ಬಂದ ಕಾರ್ಯವನ್ನು ಬಾಯಿಬಿಟ್ಟು ಹೇಳದೆ, ಬೇರೆ ಮಾತಿನ ನಡುವೆ ಹೊರಡಿಸುವಂಥದು.

(ಇ) ಅಸಮ್ಮತಿಕಾಸ: ಪಾಲುಪಾರಿಕತ್ತಿನ ಪಂಚಾಯಿತಿಯಲ್ಲಿ ತಮ್ಮನ ಪಾಲಿಗೆ ಬಾವಿ ಬಂದಾಗ ಅಣ್ಣನ ಗಂಟಲಿನಲ್ಲಿ ಉದ್ಭವಿಸುವಂಥದು.

ಎದೆಯನ್ನು ಖಾಲಿ ಮಾಡುವುದರ ಹೊರತು ಬೇರೆ ಉದ್ದೇಶವಿಲ್ಲದ್ದು ನಿಷ್ಪ್ರಯೋಜನಕಾಸ. ರೋಗವೆಂದರೆ ಇದೇ. ಬೀಡಿ ಸೇದುವ ಹಿರಿಯನಲ್ಲಿ ಎರಡೂ ಸಂಕರಗೊಂಡಾಗ ಸೂಚನಾಲೋಪವೆಂಬ ದೋಷ ತಲೆದೋರುತ್ತದೆ. ಆತ ಗದ್ದೆಯ ಬದುವಿನಿಂದಲೇ ಕೆಮ್ಮುತ್ತ ಬರುವುದರಿಂದ ಹೊಸ್ತಿಲಿನ ಕೆಮ್ಮಿಗೆ ವಿಶೇಷಾರ್ಥ ಉಳಿಯದು. ನಿರಂತರವಾದ ಸಂಕೇತ ಸಂಕೇತವಲ್ಲ. ಅಂಥ ಮನೆಗಳಲ್ಲಿ ಸೊಸೆಯಂದಿರು ಆತನ ಕೆಮ್ಮು ನಿಂತಾಗ ಎಚ್ಚರಗೊಳ್ಳುವುದನ್ನು ರೂಢಿಸಿಕೊಳ್ಳುತ್ತಾರೆ.

ಸ್ತ್ರೀಯರ ಕೆಮ್ಮು ಯಾವ ವರ್ಗಕ್ಕೆ ಸೇರತಕ್ಕದ್ದು? ಹೊಸ್ತಿಲಲ್ಲಿ ಕೆಮ್ಮಿ ಸೂಚಿಸುವ ಅಧಿಕಾರ ಅವರಿಗಿಲ್ಲ. ಆ ಕಾರ್ಯವನ್ನು ಬಳೆಗಳು ಮಾಡುತ್ತವೆ. ಸಾಲ ಕೊಟ್ಟವರು ಅವರಲ್ಲ. ಪಾಲುಪಂಚಾಯಿತಿಗೆ ಅವರನ್ನು ಕರೆದಿಲ್ಲ. ಮೂರು ಪ್ರಯೋಜನಗಳೂ ನಿರಾಕೃತವಾದುದರಿಂದ, ಪರಿಶೇಷನ್ಯಾಯದಂತೆ, ಅಡುಗೆಮನೆಯಿಂದ ಹೊರಡುವ ಪ್ರತಿಯೊಂದು ಕೆಮ್ಮೂ ನಿಷ್ಪ್ರಯೋಜನ, ಆದ್ದರಿಂದ ರೋಗಲಕ್ಷಣ. ತರ್ಕವು ಇಷ್ಟು ಸುಲಭವಾಗಿ ತಲುಪುವ ನಿಗಮನವನ್ನು ಮನೆಯವರು ಇಪ್ಪತ್ತು ವರ್ಷವಾದರೂ ತಲುಪದಿರುವುದು ಅನ್ಯಶಾಸ್ತ್ರದ ವಿಷಯ.

4. ಧೂಮಭೇದ

ಕಾಸಕಾರಕ ದ್ರವ್ಯಗಳು ಪ್ರಧಾನವಾಗಿ ಮೂರು: ಬೀಡಿಧೂಮ, ಚುಲ್ಲೀಧೂಮ, ತೂಲರಜಸ್ಸು.

ಬೀಡಿಧೂಮ ಸ್ವೇಚ್ಛಾಗೃಹೀತ. ಅದಕ್ಕೆ ಆದಿ, ಅಂತ್ಯ, ಬೆಲೆ, ಸಾಕ್ಷಿಗಳುಂಟು. ವೈದ್ಯರು ಕೇಳಿದರೆ ದಿನಕ್ಕೆಷ್ಟು ಕಟ್ಟೆಂದು ಹೇಳಬಹುದು.

ಚುಲ್ಲೀಧೂಮವು, ಎಂದರೆ ಒಲೆಯ ಹೊಗೆಯು, ಇಂಧನಭೇದದಿಂದ ಪಂಚವಿಧ: ಒಣಸೌದೆಯದು, ಪುಳ್ಳೆಯದು, ಬೆರಣಿಯದು, ತೆಂಗಿನ ಮಟ್ಟೆಯದು, ಹಸಿಸೌದೆಯದು. ಐದನೆಯದು ವರ್ಷಋತುವಿನಲ್ಲಿ ಉಳಿದ ನಾಲ್ಕನ್ನೂ ತನ್ನಲ್ಲಿ ಲೀನಗೊಳಿಸಿಕೊಳ್ಳುತ್ತದೆ. ಸ್ಥಾನಭೇದದಿಂದ ಇದು ಪುನಃ ಅಡುಗೆಯೊಲೆಯದು, ಬಚ್ಚಲೊಲೆಯದು ಎಂದು ದ್ವಿವಿಧ. ಬಚ್ಚಲೊಲೆಯ ಹೊಗೆಯನ್ನು ಗಣನೆಗೆ ತರುವ ರೂಢಿ ಇಲ್ಲ, ಅದು ಸ್ನಾನದ ಲೆಕ್ಕಕ್ಕೆ ಸೇರಿದೆ.

ತೂಲರಜಸ್ಸೆಂದರೆ ಹತ್ತಿಯ ದೂಳು. ಇದರಿಂದಾಗುವ ಬಿಸಿನೋಸಿಸ್ ಎಂಬ ವ್ಯಾಧಿಯನ್ನು ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ರಿಚರ್ಡ್ ಶಿಲ್ಲಿಂಗ್ ಎಂಬ ವಿದ್ವಾಂಸ ಶ್ರೇಣೀಕರಿಸಿದ. ಅವನ ಮಾನದಂಡ ಸೋಮವಾರ. ಭಾನುವಾರ ರಜೆ ಕಳೆದು ಗಿರಣಿಗೆ ಮರಳಿದ ದಿನ ಕಾರ್ಮಿಕನ ಎದೆ ಬಿಗಿಯುತ್ತದೆ. ಕೆಲವು ಸೋಮವಾರ ಮಾತ್ರ ಬಿಗಿದರೆ ಅರ್ಧಶ್ರೇಣಿ. ಪ್ರತಿ ಸೋಮವಾರವೂ ಬಿಗಿದರೆ ಮೊದಲ ಶ್ರೇಣಿ. ವಾರದ ಇತರ ದಿನಗಳಿಗೂ ಹಬ್ಬಿದರೆ ಎರಡನೆಯದು. ಉಸಿರಾಟದ ಶಕ್ತಿ ಶಾಶ್ವತವಾಗಿ ಕುಂದಿದರೆ ಮೂರನೆಯದು. ವಾರದ ಹೆಸರಿನಿಂದ ರೋಗವನ್ನು ಗುರುತಿಸಿದ ಈ ವಿಧಾನ ಶ್ಲಾಘ್ಯ. ಇದರ ಅನ್ವಯವನ್ನು ಅಂತ್ಯಪ್ರಕರಣದಲ್ಲಿ ವಿಚಾರಿಸಲಾಗುವುದು.

5. ಶೋಥಪ್ರಕರಣ

ಹೊಗೆ ಒಳಹೊಕ್ಕ ಮೇಲೆ ನಡೆಯುವ ವ್ಯಾಪಾರವನ್ನು ಶೋಥವೆನ್ನುತ್ತಾರೆ; ಲೋಕರೂಢಿಯಲ್ಲಿ ಉರಿಯೂತ. ಈ ಸಂದರ್ಭದಲ್ಲಿ ನಂಜನಗೂಡಿನ ಕ್ಷೇತ್ರಸ್ವಾಮಿಯ ಉಲ್ಲೇಖ ಅವಶ್ಯಕ. ಆತ ವಿಷವನ್ನು ಕಂಠದಲ್ಲೇ ತಡೆದ, ಕೆಳಕ್ಕಿಳಿಯಗೊಡಲಿಲ್ಲ. ಶ್ವಾಸನಾಳಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ನಿರ್ದುಷ್ಟವಾದ ರಕ್ಷಣೋಪಾಯ ಇನ್ನೊಂದಿಲ್ಲ. ಆದರೆ ಆತನ ದರ್ಶನಕ್ಕೆ ಹೋಗುವ ಭಕ್ತರಲ್ಲಿ ಈ ಸಾಮರ್ಥ್ಯ ಕಂಡುಬರದು. ಅವರ ಶ್ವಾಸಮಾರ್ಗ ಮೇಲಿಂದ ಕೆಳಗೆ ಸುಮಾರು 23 ಬಾರಿ ಕವಲೊಡೆಯುತ್ತದೆ, ಹೊಗೆಯ ಸೂಕ್ಷ್ಮಕಣಗಳು ಯಾವ ಕವಲಿನಲ್ಲೂ ದಾರಿ ತಪ್ಪುವುದಿಲ್ಲ.

ಒಳಗೆ ನಿಯುಕ್ತರಾದ ಅಧಿಕಾರಿಗಳು ಮೂವರು. ಮೊದಲನೆಯವರು ಮ್ಯಾಕ್ರೋಫೇಜ್‌ಗಳು, ಬಂದ ಕಣವನ್ನು ನುಂಗಿ, ಬಂದಿದೆಯೆಂದು ಸುದ್ದಿ ಮುಟ್ಟಿಸುವುದು ಇವರ ಕರ್ತವ್ಯ. ಎರಡನೆಯವರು ನ್ಯೂಟ್ರೋಫಿಲ್‌ಗಳು; ಸುದ್ದಿ ಕೇಳಿ ಗುಂಪಾಗಿ ಧಾವಿಸಿ ಇಲಾಸ್ಟೇಸ್ ಎಂಬ ಕಿಣ್ವವನ್ನು ಸುರಿಯುತ್ತಾರೆ. ಮೂರನೆಯವರು ಸಿಡಿ8 ಲಿಂಫೋಸೈಟ್‌ಗಳು. ಆಸ್ತಮಾದಲ್ಲಿ ಸಾಮಾನ್ಯವಾಗಿ ಇಯೋಸಿನೋಫಿಲ್‌ಗಳು ಪ್ರಧಾನರು. ಅದು ಬೇರೆ ಇಲಾಖೆ. ಇಲಾಸ್ಟೇಸ್‌ಗೆ ಹೊರಗಿನ ಶತ್ರುವೂ ಒಳಗಿನ ಗೋಡೆಯೂ ಒಂದೇ. ಗಾಳಿಗೂಡುಗಳ ಸ್ಥಿತಿಸ್ಥಾಪಕ ತಂತುಗಳನ್ನೂ ಅದು ಕತ್ತರಿಸುತ್ತದೆ. ಅತ್ತ ಶ್ವಾಸನಾಳದಲ್ಲಿ ಕಫಗ್ರಂಥಿಗಳು ಹಿಗ್ಗುತ್ತವೆ. ನಾಳದ ಗೋಡೆಯ ಎಷ್ಟು ಭಾಗವನ್ನು ಗ್ರಂಥಿಗಳು ಆಕ್ರಮಿಸಿವೆ ಎಂಬುದನ್ನು ಲಿನ್ ರೀಡ್ ಎಂಬ ವಿದುಷಿ 1960ರಲ್ಲಿ ಸೂಚ್ಯಂಕವಾಗಿ ಅಳೆದಳು. ಬೀಡಿ ಸಿಗರೇಟಿನ ರೋಗಕ್ಕೆ ಹೋಲಿಸಿದರೆ ಒಲೆಯ ಹೊಗೆಯ ರೋಗದಲ್ಲಿ ಗಾಳಿಗೂಡುಗಳ ನಾಶ ಕಡಿಮೆ, ನಾಳಗಳ ವಿಕಾರ ಹೆಚ್ಚು.

ಶೋಥಕ್ಕೆ ಎರಡು ಸ್ವಭಾವಗಳುಂಟು. ಒಂದು, ಮೌನ. ವ್ಯಾಧಿ ಮೊದಲು ನೆಲೆಸುವುದು 2 ಮಿಲಿಮೀಟರಿಗಿಂತ ಕಿರಿದಾದ ನಾಳಗಳಲ್ಲಿ. ಅವುಗಳ ಸಂಖ್ಯೆ ಅಪಾರವಾದುದರಿಂದ ಬಹಳಷ್ಟು ಮುಚ್ಚಿಹೋಗುವವರೆಗೆ ಒಡತಿಗೆ ತಿಳಿಯದು. ಎರಡು, ಹಟ. ನೈಯಾಯಿಕರ ವ್ಯಾಪ್ತಿಯಂತೆ ಬೆಂಕಿ ಆರಿದರೆ ಹೊಗೆ ಇರದು. ಶೋಥದಲ್ಲಿ ಕ್ರಮ ತಿರುವುಮುರುವು: ಹೊಗೆ ನಿಂತರೂ ಬೆಂಕಿ ಆರದು. ಧೂಮಪಾನ ಬಿಟ್ಟು ವರ್ಷಗಳಾದರೂ ಎಷ್ಟೋ ಜನರ ನಾಳಗಳಲ್ಲಿ ಉರಿಯೂತ ಮುಂದುವರಿದಿರುತ್ತದೆ. ಇದನ್ನು ನಿರ್ಧೂಮವಹ್ನಿ ಎಂಬ ಪದಾರ್ಥವಾಗಿ ಪರಿಗಣಿಸತಕ್ಕದ್ದು.

6. ರೇಚಕಪ್ರಕರಣ

ಶ್ವಾಸಕೋಶದ ಸಾಮರ್ಥ್ಯವನ್ನು ಅಳೆಯುವ ಯಂತ್ರಗಳು ಎರಡು: ಸ್ಪೈರೋಮೀಟರ್ ಮತ್ತು ಊದುಕೊಳವೆ.

ಸ್ಪೈರೋಮೀಟರನ್ನು ಲಂಡನ್ನಿನ ಜಾನ್ ಹಚಿನ್‌ಸನ್ 1846ರಲ್ಲಿ ಲೋಕಕ್ಕೆ ಪರಿಚಯಿಸಿ, ನಾವಿಕರು, ಅಗ್ನಿಶಾಮಕರು, ಪೊಲೀಸರು, ಮಲ್ಲರು, ದೈತ್ಯರು, ಕುಬ್ಜರು ಎಂದು ವರ್ಗ ಮಾಡಿ ಊದಿಸಿದ. ಇಂದಿನ ವಿಧಿ ಹೀಗಿದೆ. ಎದೆ ತುಂಬ ಉಸಿರೆಳೆದು, ತುಟಿ ಬಿಗಿದು, ಒಂದೇ ರಭಸಕ್ಕೆ ಊದಿ, ಸುಮಾರು 6 ಸೆಕೆಂಡು ಬಿಡದೆ ಮುಂದುವರಿಸಬೇಕು. ಮೊದಲ ಸೆಕೆಂಡಿನಲ್ಲಿ ಹೊರಬಂದದ್ದು ಪ್ರಥಮಕ್ಷಣರೇಚಕ, ಎಂದರೆ ಎಫ್‌ಇವಿ1. ಒಟ್ಟು ಹೊರಬಂದದ್ದು ಪೂರ್ಣರೇಚಕ, ಎಂದರೆ ಎಫ್‌ವಿಸಿ. ನಾಳ ಹಿಗ್ಗಿಸುವ ಔಷಧಿ ಕೊಟ್ಟ ಮೇಲೂ ಮೊದಲನೆಯದು ಎರಡನೆಯದರ ಶೇಕಡಾ 70ಕ್ಕಿಂತ ಕಡಿಮೆಯಾದರೆ ಮಾರ್ಗಾವರೋಧ ಸಿದ್ಧ. ಆ ಬಳಿಕ ಎಫ್‌ಇವಿ1 ಇರಬೇಕಾದುದರ ಶೇಕಡಾ 80, 50, 30 ಎಂಬ ಮೂರು ಗೆರೆಗಳಿಂದ ನಾಲ್ಕು ಶ್ರೇಣಿಗಳು.

ಊದುಕೊಳವೆ ಮೊಳದುದ್ದದ ಕಬ್ಬಿಣದ ಕೊಳವೆ. ಬಾಯಿಯ ತುದಿ ತುಟಿ ತಾಗಿ ತಾಗಿ ಹೊಳೆಯುತ್ತದೆ, ಬೆಂಕಿಯ ತುದಿ ಕಂದಿರುತ್ತದೆ. ಪ್ರಯೋಗಕ್ಕೆ ಮೂರು ಹಂತಗಳು. ಪೂರಕದಲ್ಲಿ ಮುಖ ಪಕ್ಕಕ್ಕೆ ತಿರುಗುತ್ತದೆ, ರೇಚಕದಲ್ಲಿ ಕೆನ್ನೆ ಉಬ್ಬುತ್ತದೆ, ಪ್ರತ್ಯಾಗಮನದಲ್ಲಿ ಬೂದಿಯೂ ಹೊಗೆಯೂ ಊದಿದವಳ ಮುಖಕ್ಕೇ ಮರಳುತ್ತವೆ. ಯಂತ್ರದ್ವಯದ ವ್ಯತ್ಯಾಸ ಮೂರನೆಯ ಹಂತದಲ್ಲಿದೆ: ಸ್ಪೈರೋಮೀಟರು ಪಡೆದದ್ದನ್ನು ಹಿಂದಿರುಗಿಸುವುದಿಲ್ಲ. ಮೂವತ್ತು ವರ್ಷ ಊದುಕೊಳವೆಯಲ್ಲಿ ಅಭ್ಯಾಸ ಮಾಡಿದ ಸ್ತ್ರೀಯನ್ನು ಸ್ಪೈರೋಮೀಟರಿನ ಮುಂದೆ ಕೂರಿಸಿ, ಜೋರಾಗಿ ಊದಲು ಬರುವುದಿಲ್ಲವೇ ಎಂದು ಗದರುವ ಪದ್ಧತಿ ಶಾಸ್ತ್ರವಿರುದ್ಧ.

ಇಲ್ಲಿ ಪೂರ್ವಪಕ್ಷ: ರೇಚಕದ ಕ್ಷಯಕ್ರಮ ಆಗಲೇ ನಿರ್ಣೀತವಾಗಿದೆಯಲ್ಲ, ಹೊಸ ಶಾಸ್ತ್ರವೇಕೆ? ಫ್ಲೆಚರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ವರ್ಷಗಟ್ಟಲೆ ಅಳೆದು, ವಯಸ್ಸಾದಂತೆ ಎಲ್ಲರ ಎಫ್‌ಇವಿ1 ನಿಧಾನವಾಗಿ ಕುಗ್ಗುತ್ತದೆ, ಹೊಗೆ ತಾಳದವರಲ್ಲಿ ಬೇಗ ಕುಗ್ಗುತ್ತದೆ, ಸೇದುವುದು ಬಿಟ್ಟರೆ ಕುಗ್ಗುವ ವೇಗ ಇಳಿಯುತ್ತದೆ, ಹೋದದ್ದು ಮರಳದು ಎಂದು 1970ರ ದಶಕದಲ್ಲಿ ಸ್ಥಾಪಿಸಿದರು. ಸಿದ್ಧಾಂತ: ಸತ್ಯ. ಅಳೆಯಲ್ಪಟ್ಟವರು 792 ಮಂದಿ. 792 ಮಂದಿಯೂ ಪುರುಷರು. ಸೇದುವುದನ್ನು ಬಿಡುವಂತೆ ಒಲೆಯನ್ನು ಬಿಡುವುದು ಹೇಗೆಂಬ ಪ್ರಶ್ನೆ ಅವರಲ್ಲಿ ಉದ್ಭವಿಸಲು ಅವಕಾಶವಿರಲಿಲ್ಲ.

7. ಧೂಮಋಣಗಣಿತ

ಈ ನ್ಯೂನತೆಯನ್ನು ತುಂಬಿದ್ದು ಮೈಸೂರು. ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಅಧ್ಯಯನ ಮಾಡಿ, 2013ರಲ್ಲಿ ಒಂದು ಸಂಖ್ಯೆಯನ್ನು ಪ್ರಕಟಿಸಿದರು. ದಿನಕ್ಕೆ ಒಲೆಯ ಮುಂದೆ ಕಳೆಯುವ ಗಂಟೆಗಳನ್ನು ಅಡುಗೆ ಮಾಡಿದ ವರ್ಷಗಳಿಂದ ಗುಣಿಸಿದರೆ ಬರುವುದು ಧೂಮಸೂಚ್ಯಂಕ. ಅದು 60 ಮುಟ್ಟಿದಲ್ಲಿಂದ ದೀರ್ಘಕಾಲೀನ ಬ್ರಾಂಕೈಟಿಸ್‌ನ ಸಂಬಂಧ ಸ್ಪಷ್ಟವಾಗುತ್ತದೆ.

ಉದಾಹರಣೆ: 18ಕ್ಕೆ ಮದುವೆಯಾಗಿ ದಿನಕ್ಕೆ 4 ಗಂಟೆ ಒಲೆಯ ಮುಂದಿರುವವಳು 33ನೆಯ ವಯಸ್ಸಿಗೆ 60 ಮುಟ್ಟುತ್ತಾಳೆ. ಆದರೆ ಅವಳು 10ನೆಯ ವಯಸ್ಸಿನಿಂದಲೇ ತವರಿನಲ್ಲಿ ದಿನಕ್ಕೆ 2 ಗಂಟೆ ಒಲೆ ನೋಡಿಕೊಂಡಿದ್ದರೆ 16ರ ಧೂಮಋಣವನ್ನು ಹೊತ್ತುಕೊಂಡೇ ಹೊಸ್ತಿಲ ಅಕ್ಕಿ ಒದ್ದು ಬಂದಿರುತ್ತಾಳೆ. ಆಗ ಗಡಿ 29ಕ್ಕೇ ಬರುತ್ತದೆ. ಬೀಗರ ಮಾತುಕತೆಯಲ್ಲಿ ಒಡವೆ, ಪಾತ್ರೆ, ಸೀರೆಗಳ ಪಟ್ಟಿ ಬರೆಯುವಂತೆ ಈ 16ನ್ನೂ ಬರೆದು ಉಭಯಪಕ್ಷದವರು ರುಜು ಹಾಕತಕ್ಕದ್ದೆಂದು ಶಾಸ್ತ್ರ ವಿಧಿಸುತ್ತದೆ. ತಪ್ಪಿದಲ್ಲಿ ಉಳಿದ 44ನ್ನು ತುಂಬಿದ ಗಂಡನ ಮನೆಯವರು, ಕೆಮ್ಮನ್ನು ತವರಿನಿಂದಲೇ ತಂದಳೆಂದು ವಾದಿಸುವ ಸಂಭವವಿದೆ.

8. ವ್ಯಾಜವಿರಾಮಪ್ರಕರಣ

ಏದುಸಿರನ್ನು ನವೀನರು 0ಯಿಂದ 4ರವರೆಗೆ ಶ್ರೇಣೀಕರಿಸುತ್ತಾರೆ. 0: ಭಾರಿ ಶ್ರಮದಲ್ಲಿ ಮಾತ್ರ. 1: ಬಿರಬಿರನೆ ನಡೆದಾಗ ಅಥವಾ ದಿಣ್ಣೆ ಹತ್ತುವಾಗ. 2: ಸಮನೆಲದಲ್ಲಿ ಓರಗೆಯವರಿಗಿಂತ ಹಿಂದೆ ಬೀಳುವುದು. 3: ಸುಮಾರು 100 ಮೀಟರ್ ನಡೆದು ನಿಲ್ಲುವುದು. 4: ಮನೆ ಬಿಟ್ಟು ಹೊರಡಲಾಗದಿರುವುದು.

ಎರಡು ಮೂರನೆಯ ಶ್ರೇಣಿಯವರು ನಿಲ್ಲುವುದು ಉಸಿರಿಗಾಗಿಯೇ. ಆದರೆ ಉಸಿರಿಗಾಗಿ ನಿಂತೆನೆಂದು ಒಪ್ಪುವವರು ವಿರಳ. ಆದುದರಿಂದ ವ್ಯಾಜವಿರಾಮ ಹುಟ್ಟುತ್ತದೆ. ಪುರುಷರಲ್ಲಿ ಇದು ಮೂರು ಬಗೆ. ಪಾದರಕ್ಷಾವ್ಯಾಜ: ಚಪ್ಪಲಿಯೊಳಗಿನ ಕಲ್ಲನ್ನು ಕೊಡವುವುದು, ಕಲ್ಲು ಇರಲೇಬೇಕೆಂಬ ನಿಯಮವಿಲ್ಲ. ಕ್ಷೇತ್ರಪರೀಕ್ಷಾವ್ಯಾಜ: ಪಕ್ಕದವನ ಹೊಲದ ಹುರುಳಿಯನ್ನು ಸೊಂಟದ ಮೇಲೆ ಕೈಯಿಟ್ಟು ವಿಮರ್ಶಿಸುವುದು. ಸಂಭಾಷಣಾವ್ಯಾಜ: ಎದುರು ಬಂದವರಿಗೆ ಪ್ರಶ್ನೆ ಹಾಕಿ ಉತ್ತರ ಹೇಳಲು ಬಿಡುವುದು; ಉತ್ತರ ಉದ್ದವಾದಷ್ಟೂ ಲಾಭ. ಸ್ತ್ರೀಯರಲ್ಲಿ ಒಂದೇ ಬಗೆ: ಸೊಂಟದ ಬಿಂದಿಗೆಯನ್ನು ಒಂದು ಮಗ್ಗುಲಿಂದ ಇನ್ನೊಂದಕ್ಕೆ ಬದಲಿಸುವುದು.

ನಾಲ್ಕನೆಯ ಶ್ರೇಣಿಯಲ್ಲಿ ಅತಿವ್ಯಾಪ್ತಿದೋಷವಿದೆ. ಮನೆ ಬಿಟ್ಟು ಹೊರಡಲಾಗದಿರುವುದು ಉಸಿರಿನಿಂದಲೋ, ಒಲೆಯಿಂದಲೋ ಎಂಬುದು ಅಲ್ಲಿ ಅನಿಶ್ಚಿತ. ಆದ್ದರಿಂದ ಅದನ್ನು 4ಅ, ಎಂದರೆ ಏದುಸಿರಿನಿಂದ ಹೊರಡಲಾಗದವರು, ಮತ್ತು 4ಆ, ಎಂದರೆ ಹೊರಡಲು ಪುರುಸೊತ್ತೇ ಇಲ್ಲದುದರಿಂದ ಏದುಸಿರಿದೆಯೇ ಎಂಬುದು ಅಪರೀಕ್ಷಿತವಾಗಿ ಉಳಿದವರು, ಎಂದು ವಿಭಜಿಸಲಾಗಿದೆ. 4ಆ ವರ್ಗವನ್ನು ಪ್ರಶ್ನೋತ್ತರದಿಂದ ನಿರ್ಣಯಿಸುವುದೂ ಕಷ್ಟ. ‘ಎಷ್ಟು ದಿವಸದಿಂದ ಕೆಮ್ಮು, ಅವ್ವಾ?’ ಎಂಬ ಪ್ರಶ್ನೆಗೆ ಇಲ್ಲಿ ದೊರೆಯುವ ಉತ್ತರ, ‘ಕೆಮ್ಮು ಎಲ್ಲದ ಕನಪ್ಪ? ಒಲ ಹೊಗ ಅಷ್ಟಿಯ.’ ಕಾರ್ಯವನ್ನು ನಿಷೇಧಿಸಿ ಕಾರಣವನ್ನು ಮಾತ್ರ ಅಂಗೀಕರಿಸುವ ಇಂಥ ವಾಕ್ಯ ಯಾವ ದರ್ಶನದಲ್ಲೂ ಕಾಣಸಿಗದು.

9. ಪರಿಹಾರಪ್ರಕರಣ

ಪರಿಹಾರಗಳು ಚಿಮಣಿಸಂಬಂಧಿ, ಅನಿಲಸಂಬಂಧಿ, ವಾರಸಂಬಂಧಿ ಎಂದು ತ್ರಿವಿಧ. ಚಿಮಣಿಸಂಬಂಧಿಗೆ ಉದಾಹರಣೆ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ಅಸ್ತ್ರ ಕೇಂದ್ರದ ಫಲವಿದು. ಹೊಗೆಯನ್ನು ಮನೆಯಿಂದ ಸೂರಿನಾಚೆಗೆ ವರ್ಗಾಯಿಸುತ್ತದೆ. ಅನಿಲಸಂಬಂಧಿಗೆ ಉದಾಹರಣೆ 2016ರ ಉಜ್ವಲ ಯೋಜನೆ. ಅದು ಬಂದ ಮೇಲೆ ಅಡುಗೆಮನೆಗಳು ಪುನಃ ಮೂರಾದವು: ಅನಿಲಪ್ರಧಾನ; ಮಿಶ್ರ, ಎಂದರೆ ಟೀಗೆ ಗ್ಯಾಸು, ಮುದ್ದೆಗೆ ಸೌದೆ; ಅಲಂಕಾರಾನಿಲ, ಎಂದರೆ ಸಿಲಿಂಡರಿಗೆ ಕ್ರೋಶೆ ಹೊದಿಕೆ ಹೊದಿಸಿ ನೆಂಟರು ಬಂದಾಗ ಮಾತ್ರ ಹಚ್ಚುವಂಥದು. ಮೂರನೆಯದರಲ್ಲಿ ನೆಂಟರ ಶ್ವಾಸಕೋಶಗಳು ಸುರಕ್ಷಿತ.

ಈಗ ವಾರಸಂಬಂಧಿ. ಹತ್ತಿಗಿರಣಿಯ ವ್ಯಾಧಿಯನ್ನು ಗುರುತಿಸಲು ಸೋಮವಾರ ಒದಗಿದ್ದು ಗಿರಣಿಗೆ ಭಾನುವಾರ ರಜೆಯಿದ್ದುದರಿಂದ. ಅಡುಗೆಮನೆಗೆ ರಜೆಯಿಲ್ಲ, ರಜೆಯಿಲ್ಲದಲ್ಲಿ ರಜೆಯ ಮರುದಿನವಿಲ್ಲ, ಮರುದಿನವಿಲ್ಲದಲ್ಲಿ ಲಕ್ಷಣವಿಲ್ಲ, ಲಕ್ಷಣವಿಲ್ಲದಲ್ಲಿ ರೋಗವಿಲ್ಲ. ಇದುವರೆಗಿನ ದಾಖಲೆಗಳಲ್ಲಿ ಮಹಾನಸಕಾಸವು ವಿರಳವಾಗಿರುವುದಕ್ಕೆ ಇದೊಂದೇ ಪರಂಪರೆ ಸಾಕು. ಆದ್ದರಿಂದ ಕೇವಲ ನಿದಾನಶಾಸ್ತ್ರದ ಹಿತದೃಷ್ಟಿಯಿಂದ, ಬದನವಾಳು ಸೀಮೆಯ ಪ್ರತಿಯೊಂದು ಅಡುಗೆಮನೆಯ ಒಡತಿಗೂ ಪ್ರತಿ ಭಾನುವಾರ ಪೂರ್ಣ ರಜೆ ಕೊಟ್ಟು, ಸೋಮವಾರ ಅವಳ ಎದೆಯನ್ನು ಪರೀಕ್ಷಿಸತಕ್ಕದ್ದು.

ಇಲ್ಲಿ ಅಂತಿಮ ಆಕ್ಷೇಪ: ಭಾನುವಾರ ಮುದ್ದೆ ತೊಳಸುವವರು ಯಾರು? ಸಮಾಧಾನ: ಮನೆಯ ಪುರುಷರು. ತತ್ಫಲವಾಗಿ ಉದಯಿಸುವ ಕೆಮ್ಮಿಗೆ ಹಿಂದಿನ ಯಾವ ವರ್ಗದಲ್ಲೂ ಸ್ಥಾನವಿಲ್ಲವಾದುದರಿಂದ ನವಾಗತಕಾಸವೆಂಬ ಪ್ರತ್ಯೇಕ ವರ್ಗವನ್ನು ಕಲ್ಪಿಸಲಾಗಿದೆ. ಅದರ ಲಕ್ಷಣಗಳು: ಅವಧಿ ಅರ್ಧ ಗಂಟೆ, ಧ್ವನಿ ಉಚ್ಚ, ಕಫ ಶೂನ್ಯ, ರೇಚಕ ಅಬಾಧಿತ, ಶೋಥ ನಾಸ್ತಿ, ಮತ್ತು ಸೋಮವಾರ ಬೆಳಗಿನ ಮೊದಲ ಬಸ್ಸಿಗೇ ಮೈಸೂರಿನ ದೊಡ್ಡಾಸ್ಪತ್ರೆಗೆ ತೋರಿಸಿಕೊಳ್ಳಲು ಹೊರಡುವುದು. ಉಳಿದೆಲ್ಲ ವರ್ಗಗಳಿಂದ ಇದನ್ನು ಪ್ರತ್ಯೇಕಿಸಲು ಈ ಕೊನೆಯ ಲಕ್ಷಣವೊಂದೇ ಸಾಕೆಂದು ಶಾಸ್ತ್ರದ ನಿರ್ಣಯ.